ಕರು, ಕುರಿಮರಿ ಮತ್ತು ಮುಯ್ಯಿ: ಹಾಸನ ಸೀಮೆಯಲ್ಲಿ ಬೈಬಲ್ ಸಾಮತಿಗಳ ಬಾಳ್ವೆ

ಕನ್ನಡದ ಕ್ರೈಸ್ತ ಪರಂಪರೆಯನ್ನು ಕುರಿತ ಚರ್ಚೆಯು ಬಹುಮಟ್ಟಿಗೆ ಮಿಷನರಿ ವಿದ್ವಾಂಸರ ಸುತ್ತಲೇ ನಡೆದಿದೆ. ಬಳ್ಳಾರಿಯಲ್ಲಿ ನೆಲೆಸಿ ಬೈಬಲನ್ನು ಕನ್ನಡಿಸಿದ ಜಾನ್ ಹ್ಯಾಂಡ್ಸ್, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರತಂದ ಹರ್ಮನ್ ಮೋಗ್ಲಿಂಗ್, 1862ರಲ್ಲಿ 'ಕಥಾಮಾಲೆ'ಯ ಮೂಲಕ ಕ್ರಿಸ್ತನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ಒಗ್ಗಿಸಲು ಯತ್ನಿಸಿದ, 1894ರಲ್ಲಿ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟೆಲ್, ಇವರೆಲ್ಲರ ಸಾಧನೆ ಸ್ಮರಣೀಯವೇ. ಆದರೆ ನಿಘಂಟು, ವ್ಯಾಕರಣ, ಮುದ್ರಣಗಳ ಈ ಇತಿಹಾಸದಲ್ಲಿ ಬೈಬಲಿನ ಮಾತನ್ನು ಕೇಳಿಸಿಕೊಂಡವರು ಎಲ್ಲಿದ್ದಾರೆ ಎಂಬ ಪ್ರಶ್ನೆ ಹಿಂದೆ ಸರಿದಿದೆ. ಕೇಳಿದವರು ಅದನ್ನು ಹೊಲದಲ್ಲಿ, ಹಟ್ಟಿಯಲ್ಲಿ, ಮದುವೆ ಚಪ್ಪರದಲ್ಲಿ ಏನು ಮಾಡಿಕೊಂಡರು? ಜಾನಪದ ವಿದ್ವತ್ತು ಈ ಪ್ರಶ್ನೆಯನ್ನು ಎತ್ತಬೇಕಿತ್ತು. ಅದು ಕರಾವಳಿಯ ಕೊಂಕಣಿ ಕ್ರೈಸ್ತರ ಹಬ್ಬ, ಹಾಡುಗಳ ಕಡೆಗೆ ತೋರಿದ ಆಸಕ್ತಿಯನ್ನು ಬಯಲುಸೀಮೆಯ ಕನ್ನಡ ಕ್ರೈಸ್ತ ಒಕ್ಕಲುಗಳ ಕಡೆಗೆ ತೋರಲಿಲ್ಲ. ಕರಾವಳಿಯವರ ಆಚರಣೆ ಕಣ್ಣಿಗೆ ಬೇರೆಯಾಗಿ ಕಾಣುತ್ತದೆ. ಬಯಲಿನವರದು ಪಕ್ಕದ ಮನೆಯವರ ಬದುಕಿನಂತೆಯೇ ಕಾಣುತ್ತದೆ. ಬೇರೆಯಾಗಿ ಕಾಣದ್ದನ್ನು ಸಂಗ್ರಾಹಕರು ಬರೆದುಕೊಳ್ಳುವುದಿಲ್ಲ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಸೀಮೆಯು ಈ ದೃಷ್ಟಿಯಿಂದ ವಿಶೇಷ ಪರಿಶೀಲನೆಗೆ ಅರ್ಹವಾಗಿದೆ. ಇಲ್ಲಿ ಕ್ರೈಸ್ತರು ಅಲ್ಪಸಂಖ್ಯಾತರು. ಆದರೆ ಅವರ ನೆಲೆ ಇಂದು ನಿನ್ನೆಯದಲ್ಲ. ಹಾಸನ ತಾಲ್ಲೂಕಿನ ಸಾತಳ್ಳಿಯ ಕ್ರೈಸ್ತ ಬೇಸಾಯಗಾರರನ್ನು ಹಳೆಯ ಮೈಸೂರು ಗೆಜೆಟಿಯರು ಅಬ್ಬೆ ದುಬಾಯ್ ಅವರ ಹೆಸರಿನೊಂದಿಗೆ ಗುರುತಿಸುತ್ತದೆ. ಪ್ಯಾರಿಸ್ಸಿನ ವಿದೇಶೀ ಮಿಷನ್ನಿಗೆ ಸೇರಿದ ದುಬಾಯ್ (1766–1848) 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಕುಟುಂಬಗಳನ್ನು ಕೂಡಿಸಿ, ಬೇಸಾಯದ ನೆಲೆಗಳನ್ನು ಏರ್ಪಡಿಸಿದವರು. ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲೂ ಮುಂದಾಗಿದ್ದವರು. ಹಿಂದೂ ಆಚಾರಗಳನ್ನು ಕುರಿತ ಅವರ ಗ್ರಂಥ ಜಗತ್ಪ್ರಸಿದ್ಧ. ಅದರ ಬಹುಭಾಗ ಕೂರ್ದು ಎಂಬ ಹಿಂದಿನ ಪಾದ್ರಿಯ ಹಸ್ತಪ್ರತಿಯಿಂದ ಬಂದದ್ದೆಂದು 1987ರಲ್ಲಿ ಸಿಲ್ವಿಯಾ ಮೂರ್ ತೋರಿಸಿಕೊಟ್ಟ ಮೇಲೆ ಆ ಪ್ರಸಿದ್ಧಿಯ ಸ್ವರೂಪ ಬದಲಾಗಿದೆ. ಇಲ್ಲಿ ಪ್ರಸ್ತುತವಾದದ್ದು ಅವರ ಇನ್ನೊಂದು ಪುಸ್ತಕ: 1823ರಲ್ಲಿ ಅವರು ಭಾರತವನ್ನು ಬಿಟ್ಟ ವರ್ಷವೇ ಲಂಡನ್ನಿನಲ್ಲಿ ಪ್ರಕಟವಾದ, ಭಾರತದ ಕ್ರೈಸ್ತಮತದ ಸ್ಥಿತಿಯನ್ನು ಕುರಿತ ಪತ್ರಗಳು.

ಆ ಪತ್ರಗಳ ಒಟ್ಟು ವಾದ ನಿರಾಶೆಯದು. ಹಿಂದೂಗಳ ಮತಾಂತರ ಅಸಾಧ್ಯ. ಬೈಬಲನ್ನು ದೇಶಭಾಷೆಗಳಿಗೆ ಅನುವಾದಿಸಿ ಹಂಚುವುದು ನಿಷ್ಫಲ, ಹಾನಿಕರವೂ ಹೌದು ಎಂಬುದು ಅವರ ನಿಲುವು. ಜೇಮ್ಸ್ ಹಫ್ ಮೊದಲಾದ ಪ್ರಾಟೆಸ್ಟಂಟರು 1824ರಲ್ಲಿಯೇ ಇದಕ್ಕೆ ಉತ್ತರ ಬರೆದರು. ಆ ವಾಗ್ವಾದ ಮುಗಿದುಹೋಗಿದೆ. ಮುಗಿಯದೆ ಉಳಿದಿರುವುದು ದುಬಾಯ್ ತಮ್ಮ ವಾದಕ್ಕೆ ನಿದರ್ಶನವಾಗಿ ಹೇಳಿಕೊಂಡ ಒಂದು ಸಣ್ಣ ಪ್ರಸಂಗ. ಲೂಕನ ಸುವಾರ್ತೆಯ 15ನೆಯ ಅಧ್ಯಾಯದಲ್ಲಿ ಬರುವ, ಪಾಲು ತೆಗೆದುಕೊಂಡು ಹೋಗಿ ಎಲ್ಲವನ್ನೂ ಕಳೆದುಕೊಂಡು ಹಿಂತಿರುಗಿದ ಮಗನ ಕಥೆಯನ್ನು ಅವರು ಒಮ್ಮೆ ಬೋಧಿಸಿದರು. ಮಗ ಬಂದ ಸಂತೋಷಕ್ಕೆ ತಂದೆ ಕೊಬ್ಬಿದ ಕರುವನ್ನು ಕೊಯ್ಯಿಸಿದನೆಂದೂ ಹೇಳಿದರು. ಪ್ರವಚನ ಮುಗಿದ ಮೇಲೆ ಅವರದೇ ಸಭೆಯ ಕ್ರೈಸ್ತರು ಅಸಮಾಧಾನಗೊಂಡು, ಕರುವಿನ ಮಾತೆತ್ತಿದ್ದು ತಪ್ಪಾಯಿತು, ಹೊರಗಿನವರು ಕೇಳಿಸಿಕೊಂಡಿದ್ದರೆ ನಮ್ಮನ್ನು ಏನೆಂದು ತಿಳಿಯುತ್ತಿದ್ದರು, ಇನ್ನು ಮುಂದೆ ಕರುವಿನ ಬದಲು ಕುರಿಮರಿ ಎಂದು ಹೇಳಿರಿ ಎಂದು ಸಲಹೆ ಮಾಡಿದರು.

ದುಬಾಯ್ ಇದನ್ನು ಬೈಬಲ್ ಈ ನೆಲಕ್ಕೆ ಒಗ್ಗದು ಎಂಬುದಕ್ಕೆ ಸಾಕ್ಷಿಯಾಗಿ ಮುಂದಿಡುತ್ತಾರೆ. ಜಾನಪದದ ದೃಷ್ಟಿಯಲ್ಲಿ ಅದೇ ಸಾಕ್ಷ್ಯ ಅವರ ವಾದಕ್ಕೆ ವಿರುದ್ಧವಾಗಿ ನಿಲ್ಲುತ್ತದೆ. ಕಥೆ ಒಗ್ಗದಿದ್ದರೆ ಕೇಳುಗರು ಅದನ್ನು ಬಿಟ್ಟುಬಿಡುತ್ತಿದ್ದರು. ತಿದ್ದುವ ಗೋಜಿಗೆ ಹೋಗುತ್ತಿರಲಿಲ್ಲ. ತಿದ್ದಿ ಹೇಳಿರೆಂದು ಕೇಳುವವರು ಕಥೆಯನ್ನು ತಮ್ಮದೆಂದು ಒಪ್ಪಿಕೊಂಡವರು, ನೆರೆಹೊರೆಯವರ ಮುಂದೆ ಅದನ್ನು ಹೊತ್ತು ತಿರುಗಬೇಕಾದವರು. ಮೌಖಿಕ ಪರಂಪರೆಯಲ್ಲಿ ಪಾಠಾಂತರವೆಂಬುದು ಹುಟ್ಟುವುದೇ ಹೀಗೆ. ಗ್ರಂಥದ ಪಾವಿತ್ರ್ಯವನ್ನು ಅಕ್ಷರದಲ್ಲಿ ಕಾಣುವ ಪಾದ್ರಿಗೆ ಅದು ಸೋಲಾಗಿ ತೋರಿತು. ಸಭೆಗೆ ಅದು ಬಾಳುವೆಯ ದಾರಿಯಾಗಿತ್ತು.

ಆದರೆ ಈ ಪಲ್ಲಟವನ್ನು ದೇಸೀಕರಣವೆಂದು ಕೊಂಡಾಡಿ ಮುಂದೆ ಹೋಗುವುದೂ ಸರಿಯಲ್ಲ. ಇತ್ತೀಚಿನ ಸಂಸ್ಕೃತಿ ವಿಮರ್ಶೆಯಲ್ಲಿ ಅಂಥ ಕೊಂಡಾಟ ಅತಿಯಾಗಿದೆ. ಕರುವಿನ ಜಾಗದಲ್ಲಿ ಕುರಿಮರಿ ಬಂದರೆ ಕಥೆಗೆ ಏನಾಗುತ್ತದೆ ಎಂದು ಕೇಳಬೇಕು. ಮೂಲದಲ್ಲಿ ಹಿರಿಯ ಮಗನ ದೂರು ಏನು? ಇಷ್ಟು ವರ್ಷ ದುಡಿದ ತನಗೆ ಗೆಳೆಯರೊಡನೆ ಉಣ್ಣಲು ಒಂದು ಆಡುಮರಿಯನ್ನೂ ಕೊಡದ ತಂದೆ, ಆಸ್ತಿ ಹಾಳುಮಾಡಿ ಬಂದವನಿಗೆ ಕೊಬ್ಬಿಸಿದ ಕರುವನ್ನು ಕೊಯ್ಯಿಸಿದ ಎಂಬುದು. ಆಡುಮರಿಗೂ ಕೊಬ್ಬಿದ ಕರುವಿಗೂ ಇರುವ ಅಂತರದಲ್ಲಿ ಆ ಕಥೆಯ ಕಾವು ಇದೆ. ತಂದೆಯ ಸಂತೋಷ ಲೆಕ್ಕ ಮೀರಿದ್ದು, ಹಿರಿಯನ ನೋವೂ ಆದುದರಿಂದ ಲೆಕ್ಕ ಮೀರಿದ್ದು. ಕರುವಿನ ಬದಲು ಕುರಿಮರಿಯನ್ನು ಇಟ್ಟರೆ ಆ ಅಂತರ ಕುಗ್ಗಿಬಿಡುತ್ತದೆ. ಒಬ್ಬನಿಗೆ ಆಡುಮರಿಯಿಲ್ಲ, ಇನ್ನೊಬ್ಬನಿಗೆ ಕುರಿಮರಿ. ಇದು ಹಳೇ ಮೈಸೂರಿನ ಯಾವ ಒಕ್ಕಲು ಮನೆಯಲ್ಲೂ ಬಾಡೂಟದ ದಿನ ಏಳಬಹುದಾದ ಮುನಿಸು. ಹಿರಿಯರು ಕೂತು ಸಮಾಧಾನ ಮಾಡಬಹುದಾದ ಮುನಿಸು. ಕಥೆ ಹೀಗೆ ಹೆಚ್ಚು ನ್ಯಾಯವಾಗುತ್ತದೆ. ಕಥೆಯೊಳಗಿನ ಅನ್ಯಾಯದಂಥ ಔದಾರ್ಯ ಕಡಿಮೆಯಾಗುತ್ತದೆ. ಕನ್ನಡ ಬೈಬಲಿನ ಅನುವಾದಕರು ಕರುವನ್ನು ಉಳಿಸಿಕೊಂಡರು. ಅವರಿಗೆ ಅಕ್ಷರನಿಷ್ಠೆ ಮುಖ್ಯವಾಗಿತ್ತು; ಆದರೆ ಆ ನಿಷ್ಠೆಯಿಂದ ಕಥೆಯ ಅಳತೆಯೂ ಉಳಿಯಿತು ಎಂಬುದನ್ನು ಒಪ್ಪಬೇಕು.

ಚನ್ನರಾಯಪಟ್ಟಣ ತಾಲ್ಲೂಕಿನವರಿಗೆ ಅಣ್ಣ ತಮ್ಮಂದಿರ ಇನ್ನೊಂದು ಕಥೆ ಗೊತ್ತು. ಅದು ಶ್ರವಣಬೆಳಗೊಳದ ಬೆಟ್ಟದ ಮೇಲೆ, 10ನೆಯ ಶತಮಾನದ ಕೊನೆಯಲ್ಲಿ, 58 ಅಡಿಯ ಕಲ್ಲಾಗಿ ನಿಂತಿದೆ. ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟುಹೋದ ಬಾಹುಬಲಿಯ ಕಥೆಯಲ್ಲಿ ಲೆಕ್ಕವನ್ನು ಮೀರುವವನು ತಮ್ಮ; ಲೂಕನ ಕಥೆಯಲ್ಲಿ ಮೀರುವವನು ತಂದೆ. ಒಂದರಲ್ಲಿ ಬಿಡುವುದು ದೊಡ್ಡದು, ಇನ್ನೊಂದರಲ್ಲಿ ಬರಮಾಡಿಕೊಳ್ಳುವುದು ದೊಡ್ಡದು. ಪಾಲು ಹಿಸ್ಸೆಯ ಜಗಳ ಮನೆಮನೆಯಲ್ಲಿರುವ ಸೀಮೆಯಲ್ಲಿ ಎರಡಕ್ಕೂ ಕೇಳುಗರಿರುವುದು ಸಹಜ.

ಈ ಸೀಮೆಯಲ್ಲಿ ಬೈಬಲಿನ ಪರಿಚಯ ಎರಡು ದಾರಿಗಳಲ್ಲಿ ಆಯಿತು. ಕಥೋಲಿಕ ಒಕ್ಕಲುಗಳಿಗೆ ಅದು ಬಹುಕಾಲ ಕಿವಿಯಿಂದ ಬಂದದ್ದು. ಪೂಜೆಯ ಭಾಷೆ ಲ್ಯಾಟಿನ್ ಆಗಿತ್ತು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಸಭೆಯ ಬಳಿಕವೇ ಕನ್ನಡ ಪೀಠದವರೆಗೆ ಬಂತು. ಹಾಸನ ಜಿಲ್ಲೆ 1963ರಲ್ಲಿ ಸ್ಥಾಪಿತವಾದ ಚಿಕ್ಕಮಗಳೂರು ಧರ್ಮಪ್ರಾಂತಕ್ಕೆ ಸೇರಿದ್ದೂ ಇದೇ ಕಾಲದಲ್ಲಿ. ಅದಕ್ಕೆ ಮೊದಲು ಸುವಾರ್ತೆಯು ಪ್ರವಚನ, ಜಪಸರ, ಶಿಲುಬೆಹಾದಿ, ಪ್ರಶ್ನೋತ್ತರ ರೂಪದ ಧರ್ಮೋಪದೇಶ, ಗೋಡೆಯ ಚಿತ್ರಗಳ ಮೂಲಕ ಮನಸ್ಸಿಗಿಳಿಯಿತು. ವೆಸ್ಲಿಯನ್ ಮಿಷನ್ನಿನ ದಾರಿ ಬೇರೆ. ಅದು ಶಾಲೆ, ಅಚ್ಚಿನ ಪುಸ್ತಕ, 1876–78ರ ಬರಗಾಲದ ತರುವಾಯ ಹಾಸನದಲ್ಲಿ ನಡೆದ ಹೆಣ್ಣುಮಕ್ಕಳ ಅನಾಥಾಲಯ, ಮುಂದೆ ಹೆಂಗಸರು ಮಕ್ಕಳಿಗಾಗಿ ಕಟ್ಟಿದ ರೆಡ್‌ಫರ್ನ್ ಆಸ್ಪತ್ರೆ, ಇವುಗಳ ಮೂಲಕ ಸಾಗಿತು. ಅಲ್ಲಿ ಬೈಬಲ್ ಓದಬೇಕಾದ ಪುಸ್ತಕ. ಹೆಸರುಗಳಲ್ಲಿಯೇ ಈ ಭೇದ ತೋರುತ್ತದೆ: ಒಬ್ಬರಿಗೆ ಅದು 'ಸತ್ಯವೇದ', ಇನ್ನೊಬ್ಬರಿಗೆ 'ಶ್ರೀಗ್ರಂಥ', ಒಬ್ಬರಿಗೆ ಯೆಹೋವ, ಇನ್ನೊಬ್ಬರಿಗೆ ಸರ್ವೇಶ್ವರ. ಇವುಗಳಿಗಿಂತ ಹೆಚ್ಚು ಅರ್ಥಪೂರ್ಣವಾದ ಭೇದ ಇನ್ನೊಂದಿದೆ. ಯೇಸು ಹೇಳಿದ ಕಥೆಗಳನ್ನು ಪ್ರಾಟೆಸ್ಟಂಟ್ ಅನುವಾದ 'ಸಾಮ್ಯ' ಎಂದು ಕರೆದರೆ ಕಥೋಲಿಕರು 'ಸಾಮತಿ' ಎನ್ನುತ್ತಾರೆ. ಸಾಮ್ಯ ಪಂಡಿತರ ಪದ; ಒಂದನ್ನು ಇನ್ನೊಂದಕ್ಕೆ ಹೋಲಿಸಿ ತೋರಿಸುವ ಕೆಲಸಕ್ಕೆ ಸೀಮಿತವಾದದ್ದು. ಸಾಮತಿ ಹಳ್ಳಿಯ ಮಾತು. 'ಗಾದೆ ಸಾಮತಿ' ಎಂದು ಜೋಡಿಯಾಗಿ ಬರುವಂಥದ್ದು. ಸಾಮತಿ ಹೇಳುವವರು ಅದನ್ನು ಸಂದರ್ಭವಿಲ್ಲದೆ ಹೇಳುವುದಿಲ್ಲ. ಎದುರಿಗಿರುವವನ ನಡತೆಗೆ ತಗಲುವಂತೆ ಎಸೆಯುತ್ತಾರೆ. ಧರ್ಮಬೋಧೆಯನ್ನು ದಿನದ ಬದುಕಿಗೆ ಅನ್ವಯಿಸುವ ಕೆಲಸ ಆ ಪದದೊಳಗೇ ಸೇರಿಕೊಂಡಿದೆ. ಬೇರೆ ವ್ಯಾಖ್ಯಾನ ಬೇಡ.

ಬೇಸಾಯದ ಸಾಮತಿಗಳು ಬೇಸಾಯಗಾರರಿಗೆ ಸುಲಭವಾಗಿ ಅರ್ಥವಾಗುತ್ತವೆಂಬುದು ಪ್ರವಚನಕಾರರ ಸಾಮಾನ್ಯ ನಂಬಿಕೆ. ವಸ್ತುಸ್ಥಿತಿ ಅಷ್ಟು ಸರಳವಲ್ಲ. ಮತ್ತಾಯನ 13ನೆಯ ಅಧ್ಯಾಯದ ಬಿತ್ತುವವನು ಕೈಯಿಂದ ಚೆಲ್ಲಿ ಬಿತ್ತುವವನು. ಆದ್ದರಿಂದಲೇ ಅವನ ಬೀಜ ದಾರಿಗೂ ಬಂಡೆಗೂ ಮುಳ್ಳಿಗೂ ಬೀಳುತ್ತದೆ. ಕೂರಿಗೆ ಕಟ್ಟಿ ಸಾಲು ಹಿಡಿದು ರಾಗಿ ಬಿತ್ತುವವನಿಗೆ, ಮುಂಗಾರಿನ ಮೊದಲ ಹದಕ್ಕೆ ಆಲೂಗಡ್ಡೆಯ ತುಂಡನ್ನು ಎಣಿಸಿ ನೆಡುವ ಹಾಸನದ ರೈತನಿಗೆ, ಬೀಜವನ್ನು ದಾರಿಗೆ ಬೀಳಿಸುವವನು ಮೊದಲು ಅಜಾಗರೂಕನಾಗಿ ಕಾಣುತ್ತಾನೆ. ನೆಲದ ಗುಣವನ್ನು ಕುರಿತ ಪಾಠ ಬಿತ್ತುವವನ ಗುಣವನ್ನು ಕುರಿತ ಆಕ್ಷೇಪವಾಗಿ ತಿರುಗುವ ಸಾಧ್ಯತೆ ಇದೆ. ಚೆಲ್ಲು ಬಿತ್ತನೆಯ ನೆನಪಿರುವ ಹಿರಿಯರ ಮುಂದೆ ಮಾತ್ರ ಅದು ಮೂಲದ ಅರ್ಥಕ್ಕೆ ಹತ್ತಿರವಾಗಿ ನಿಲ್ಲುತ್ತದೆ.

ಅದೇ ಅಧ್ಯಾಯದ ಕಳೆಯ ಕಥೆ ಇನ್ನೂ ಇಕ್ಕಟ್ಟಿನದು. ಗೋದಿಯ ನಡುವೆ ವೈರಿ ಬಿತ್ತಿಹೋದ ಕಳೆಯನ್ನು ಹಳೆಯ ಅನುವಾದ 'ಹಣಜಿ' ಎಂದು ಕರೆದಿದೆ. ಗೋದಿ ಈ ಸೀಮೆಯ ಬೆಳೆಯಲ್ಲ. ಆದರೆ ರಾಗಿಯ ಹೊಲದಲ್ಲಿ ಕಾಡುರಾಗಿ ಇದೆ. ತೆನೆ ಬರುವವರೆಗೆ ಪೈರಿನಂತೆಯೇ ಕಂಡು ಮೋಸಮಾಡುವ ಕಳೆ. ಮೂಲದ ಕಥೆಗೆ ಇದಕ್ಕಿಂತ ಸರಿಯಾದ ಸಮಾನ ಸಿಗದು. ಸಮಸ್ಯೆ ಇರುವುದು ಯಜಮಾನನ ಅಪ್ಪಣೆಯಲ್ಲಿ: ಸುಗ್ಗಿಯವರೆಗೆ ಎರಡೂ ಒಟ್ಟಿಗೆ ಬೆಳೆಯಲಿ, ಕೀಳಬೇಡಿರಿ ಎನ್ನುತ್ತಾನೆ. ಕುಂಟೆ ಹೊಡೆದು, ಬಗ್ಗಿ ಕೂತು ಕಳೆ ತೆಗೆಯುವುದೇ ರಾಗಿ ಬೇಸಾಯದ ಅರ್ಧ ದುಡಿಮೆ. ಅದರಲ್ಲಿ ಹೆಚ್ಚಿನದು ಹೆಂಗಸರ ದುಡಿಮೆ. ಕಳೆ ಕೀಳದವನನ್ನು ಊರು ಸೋಮಾರಿ ಎನ್ನುತ್ತದೆ. ಇಲ್ಲಿ ಕಥೆಯು ರೈತನ ಅನುಭವವನ್ನು ದೃಷ್ಟಾಂತವಾಗಿ ಬಳಸಿಕೊಳ್ಳುವ ಬದಲು ಅದಕ್ಕೆ ಎದುರು ಬೀಳುತ್ತದೆ. ಕೀಳಬಾರದೆಂಬ ಮಾತನ್ನು ಹೊಲದಿಂದ ಮನುಷ್ಯರ ಕಡೆಗೆ ತಿರುಗಿಸಿಕೊಂಡಾಗ ಮಾತ್ರ ಅದಕ್ಕೆ ಅರ್ಥ ಬರುತ್ತದೆ: ಊರಿನಿಂದ ಯಾರನ್ನೂ ಹೊರಹಾಕುವ ಆತುರ ಬೇಡ, ಯಾರು ರಾಗಿ ಯಾರು ಕಾಡುರಾಗಿ ಎಂದು ತೆನೆ ಬರುವ ಮೊದಲು ಹೇಳಲಾಗದು. ಕುಲದಿಂದ ಹೊರಹಾಕುವ ಶಿಕ್ಷೆ ಹಳ್ಳಿಯ ಕಟ್ಟೆಯಲ್ಲಿ ಜೀವಂತವಾಗಿದ್ದ ಕಾಲದಲ್ಲಿ ಇದು ಸಣ್ಣ ಪಾಠವಾಗಿರಲಿಲ್ಲ.

ಎಲ್ಲಕ್ಕಿಂತ ತೀವ್ರವಾದ ಘರ್ಷಣೆ ನಡೆಯುವುದು ಮುಯ್ಯಿಯ ವಿಷಯದಲ್ಲಿ. ಹಳೇ ಮೈಸೂರಿನ ಗ್ರಾಮಜೀವನ ನಿಂತಿರುವುದೇ ಮುಯ್ಯಿಯ ಮೇಲೆ ಎಂದರೆ ಉತ್ಪ್ರೇಕ್ಷೆಯಾಗದು. ನಾಟಿಗೆ, ಕಳೆಗೆ, ಕೊಯ್ಲಿಗೆ ಮುಯ್ಯಾಳು. ಅವರ ಹೊಲಕ್ಕೆ ಇವರ ಆಳು ಹೋದಷ್ಟು ದಿನ ಇವರ ಹೊಲಕ್ಕೆ ಅವರ ಆಳು ಬರಬೇಕು. ಮದುವೆಯಲ್ಲಿ ಮುಯ್ಯಿ, ಯಾರು ಎಷ್ಟು ಓದಿಸಿದರೆಂದು ಪುಸ್ತಕದಲ್ಲಿ ಬರೆದಿಟ್ಟು, ಅವರ ಮನೆಯ ಮದುವೆಗೆ ಅಷ್ಟನ್ನು, ಸಾಧ್ಯವಾದರೆ ಒಂದಿಷ್ಟು ಸೇರಿಸಿ, ಹಿಂದಿರುಗಿಸಬೇಕು. ಜಗಳದಲ್ಲೂ ಮುಯ್ಯಿ, ಹಗೆ ತೀರಿಸುವುದಕ್ಕೂ ಅದೇ ಪದ. ಕನ್ನಡ ಸತ್ಯವೇದವು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಹಗೆ ತೀರಿಸುವ ಅರ್ಥದಲ್ಲಿ ಇದೇ ಪದವನ್ನು ಬಳಸಿ, ಅದನ್ನು ಮನುಷ್ಯರ ಕೈಯಿಂದ ತೆಗೆದು ದೇವರ ಪಾಲಿಗೆ ಒಪ್ಪಿಸುತ್ತದೆ. ಉಪಕಾರಕ್ಕೂ ಅಪಕಾರಕ್ಕೂ ಒಂದೇ ಪದವಿರುವ ಭಾಷೆಯಲ್ಲಿ ಹಗೆಯ ಮುಯ್ಯಿಯನ್ನು ಬಿಡು ಎಂದರೆ, ಕೇಳುಗನ ಮನಸ್ಸಿನಲ್ಲಿ ಉಪಕಾರದ ಮುಯ್ಯಿಯೂ ಅಲುಗಾಡದೆ ಇರದು.

ಸುವಾರ್ತೆ ಅದನ್ನೂ ಬಿಡುವುದಿಲ್ಲ. ಲೂಕನ 14ನೆಯ ಅಧ್ಯಾಯವು ಔತಣಕ್ಕೆ ನೆಂಟರನ್ನೂ ಸಿರಿವಂತ ನೆರೆಯವರನ್ನೂ ಕರೆಯಬೇಡ, ತಿರುಗಿ ಕರೆಯಲಾಗದವರನ್ನು ಕರೆ ಎನ್ನುತ್ತದೆ. ಮತ್ತಾಯನ 20ನೆಯ ಅಧ್ಯಾಯದ ದ್ರಾಕ್ಷಿತೋಟದ ಯಜಮಾನ ಬೆಳಗಿನಿಂದ ಬಿಸಿಲಲ್ಲಿ ದುಡಿದವನಿಗೂ ಸಂಜೆ ಬಂದವನಿಗೂ ಒಂದೇ ಕೂಲಿ ಕೊಡುತ್ತಾನೆ. ಮುಯ್ಯಾಳಿನ ಲೆಕ್ಕದಲ್ಲಿ ಅರೆದಿನಕ್ಕೆ ಅರೆದಿನವೇ ಸಲ್ಲಬೇಕು. ಅದರಲ್ಲಿ ತಪ್ಪಿದವನ ಹೊಲಕ್ಕೆ ಮುಂದಿನ ವರ್ಷ ಯಾರೂ ಬರುವುದಿಲ್ಲ. ಕರುವನ್ನು ಕುರಿಮರಿ ಮಾಡಿದಂತೆ ಈ ಕಥೆಯಲ್ಲಿ ಬದಲಿಸಲು ಯಾವ ವಸ್ತುವೂ ಇಲ್ಲ. ದ್ರಾಕ್ಷಿಯನ್ನು ರಾಗಿ ಮಾಡಬಹುದು, ಅರಕಲಗೂಡು ಕಡೆಯ ಹೊಗೆಸೊಪ್ಪು ಮಾಡಬಹುದು. ಕೂಲಿಯ ಲೆಕ್ಕ ಹಾಗೆಯೇ ಉಳಿದು ಚುಚ್ಚುತ್ತದೆ. ಇದನ್ನು ಶ್ರಮಕ್ಕೆ ತೋರಿದ ಅನಾದರವೆಂದು ಓದುವವರಿಗೆ ಒಂದು ಮಾತು ನೆನಪಿಸಬೇಕು: ಸಂಜೆಯವರೆಗೆ ಸಂತೆಬೀದಿಯಲ್ಲಿ ನಿಂತವರು ಸೋಮಾರಿಗಳಲ್ಲ, ಯಾರೂ ಕೂಲಿಗೆ ಕರೆಯದವರು. ಮುಯ್ಯಿಯ ವ್ಯವಸ್ಥೆಯೊಳಗೆ ಬರುವುದು ಹೊಲವಿದ್ದವರು ಮಾತ್ರ. ಕೊಡಲು ಹೊಲವಿಲ್ಲದವನಿಗೆ ಮುಯ್ಯಾಳೂ ಇಲ್ಲ, ಉಡುಗೊರೆಯ ಪುಸ್ತಕದಲ್ಲಿ ಹೆಸರೂ ಇಲ್ಲ. ಹೊಲವಿಲ್ಲದ ಕೇರಿಯ ಕಿವಿಗೆ ಈ ಸಾಮತಿ ಬೇರೆಯದೇ ಆಗಿ ಕೇಳಿಸುವುದರಲ್ಲಿ ಆಶ್ಚರ್ಯವಿಲ್ಲ. ಜಾನಪದ ವಿದ್ವಾಂಸರು ಮುಯ್ಯಿಯನ್ನು ಸಹಕಾರದ ಮಾದರಿಯೆಂದು ಬಣ್ಣಿಸುವಾಗ ಈ ಹೊರಗುಳಿದವರನ್ನು ಮರೆಯುವುದು ರೂಢಿಯಾಗಿದೆ.

ಇದೇ ಮಾತನ್ನು ಕ್ರೈಸ್ತ ಒಕ್ಕಲುಗಳಿಗೂ ತಿರುಗಿಸಿ ಕೇಳಬೇಕಾಗುತ್ತದೆ. 18, 19ನೆಯ ಶತಮಾನಗಳ ದಕ್ಷಿಣದ ಕಥೋಲಿಕ ಮಿಷನ್ನುಗಳು ಜಾತಿಭೇದವನ್ನು ಲೌಕಿಕ ಪದ್ಧತಿಯೆಂದು ಬಹುಮಟ್ಟಿಗೆ ಸಹಿಸಿಕೊಂಡವು. ದುಬಾಯ್ ಅಂತೂ ಜಾತಿಯನ್ನು ಸಮಾಜವನ್ನು ಹಿಡಿದಿಟ್ಟ ಕಟ್ಟೆಂದೇ ಸಮರ್ಥಿಸಿದವರು. ಕರುವಿನ ಮಾತನ್ನು ಆಡಬೇಡಿರಿ ಎಂದ ಸಭೆಯ ಅಳುಕು ಗೋವಿನ ಮೇಲಿನ ಪ್ರೀತಿಯಷ್ಟೇ ಆಗಿರಲಿಲ್ಲ. ಕರುವನ್ನು ತಿನ್ನುವವರೆಂದು ತಿಳಿದರೆ ಕೆಳಗಿನವರ ಸಾಲಿಗೆ ಸೇರಿಸಿಬಿಡುತ್ತಾರೆಂಬ ಭಯವೂ ಅದರಲ್ಲಿತ್ತು. ಕಥೆಯನ್ನು ಊರಿಗೆ ಒಗ್ಗಿಸಿದ ಕೈಯೇ ಊರಿನ ಮೇಲು ಕೀಳನ್ನೂ ಗುಡಿಯೊಳಗೆ ತಂದಿತು. ದೇಸೀಕರಣದ ಸಿದ್ಧಾಂತಿಗಳು ಸಾಮಾನ್ಯವಾಗಿ ಇದರಲ್ಲಿ ಮೊದಲ ಅರ್ಧವನ್ನಷ್ಟೇ ನೋಡುತ್ತಾರೆ. ಲೂಕನ 10ನೆಯ ಅಧ್ಯಾಯದ ಸಮಾರ್ಯದವನ ಕಥೆಯಲ್ಲಿ, ಗಾಯಗೊಂಡು ಬಿದ್ದವನನ್ನು ಕಂಡು ಪಕ್ಕಕ್ಕೆ ಸರಿದು ಹೋದವರು ಯಾಜಕನೂ ಲೇವಿಯನೂ. ಮಡಿ ಮೈಲಿಗೆಯ ಲೋಕದಲ್ಲಿ ಅವರು ಯಾಕೆ ಸರಿದರೆಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಸಮಾರ್ಯ ಎಂಬ ಹೆಸರು ಮಾತ್ರ ಇಲ್ಲಿ ಏನನ್ನೂ ಹೇಳುವುದಿಲ್ಲ. ಕರುವಿನ ಜಾಗಕ್ಕೆ ಕುರಿಮರಿಯನ್ನು ಕೇಳಿದ ಸಭೆ, ಸಮಾರ್ಯದವನ ಜಾಗಕ್ಕೆ ತನ್ನೂರಿನ ಹೊರಗೇರಿಯವನನ್ನು ಹೆಸರಿಸಿ ಹೇಳಿರೆಂದು ಕೇಳಲಿಲ್ಲ. ಹೆಂಗಸರ ಆಸ್ಪತ್ರೆಯ ಹಾಸಿಗೆಯ ಬಳಿ, ಬಾಣಂತಿಯ ಮೈ ಮುಟ್ಟಲೇಬೇಕಾದ ದಾದಿಯರ ದುಡಿಮೆಯಲ್ಲಿ ಆ ಕಥೆ ಹೆಚ್ಚು ನಿಜವಾಗಿ ಅನ್ವಯವಾಯಿತೆನ್ನಬೇಕು.

ಕನ್ನಡ ಸಾಹಿತ್ಯ ಈ ಲೋಕವನ್ನು ಹೇಗೆ ಕಂಡಿದೆ? ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದವರಾದ ಎಸ್.ಎಲ್. ಭೈರಪ್ಪನವರ 'ಧರ್ಮಶ್ರೀ' (1961) ಕ್ರೈಸ್ತಧರ್ಮಕ್ಕೆ ಮತಾಂತರವಾಗುವ ಯುವಕನ ಒಳತೋಟಿಯನ್ನು ವಸ್ತುವಾಗಿ ಮಾಡಿಕೊಂಡ ಕಾದಂಬರಿ. 2025ರಲ್ಲಿ ನಿಧನರಾದ ಅವರ ಮುಂದಿನ ಕೃತಿಗಳ ವಾದದ ಧಾಟಿ ಇಲ್ಲಿಯೇ ಮೊಳೆತಿದೆ. ಮತವನ್ನು ಬಿಟ್ಟರೆ ಸಂಸ್ಕೃತಿಯ ನೆನಪು ಏನಾಗುತ್ತದೆಂಬ ಅದರ ಪ್ರಶ್ನೆ ಹುಸಿಯಲ್ಲ. ಆದರೆ ಅಲ್ಲಿ ಮತವೆಂಬುದು ವಿದ್ಯಾವಂತ ವ್ಯಕ್ತಿಯೊಬ್ಬ ಪ್ರೀತಿ, ವಿಚಾರಗಳ ನಡುವೆ ತೆಗೆದುಕೊಳ್ಳುವ ತೀರ್ಮಾನ. ಕಾದಂಬರಿಕಾರರ ಹುಟ್ಟೂರಿನ ಜಿಲ್ಲೆಯಲ್ಲಿಯೇ ತಲೆಮಾರುಗಳಿಂದ ರಾಗಿ ಬೆಳೆದು, ಮುಯ್ಯಾಳು ಹೋಗಿ, ಜಪಸರ ಎಣಿಸಿದವರಿಗೆ ಸಂಸ್ಕೃತಿ ಮತ್ತು ಮತ ಹೀಗೆ ಎದುರುಬದುರಾಗಿ ನಿಂತ ಎರಡು ಮನೆಗಳಾಗಿರಲಿಲ್ಲ. ಅವರ ಇಕ್ಕಟ್ಟು ಒಂದೇ ಮನೆಯೊಳಗಿನದು: ಮುಯ್ಯಿಯನ್ನು ಇಟ್ಟುಕೊಂಡು ಸಾಮತಿಯನ್ನು ಹೇಗೆ ಕೇಳುವುದು ಎಂಬುದು. ಕಾದಂಬರಿಯ ಚೌಕಟ್ಟಿಗೆ ಇದು ದಕ್ಕುವುದಿಲ್ಲ.

ಈ ಒಕ್ಕಲುಗಳ ಇತ್ತೀಚಿನ ಚರಿತ್ರೆಯಲ್ಲಿ ನೀರು ದೊಡ್ಡ ಘಟನೆ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಕಟ್ಟಿಸಿದ ಜಪಸರ ಮಾತೆಯ ದೇವಾಲಯವು, ಗೊರೂರಿನಲ್ಲಿ 1979ರಲ್ಲಿ ಅಣೆಕಟ್ಟೆ ಪೂರ್ಣಗೊಂಡ ಬಳಿಕ ಹಿನ್ನೀರಿಗೆ ಸಿಕ್ಕಿತು. ಊರು ಎದ್ದುಹೋಯಿತು. ಮಳೆಗಾಲದಲ್ಲಿ ಮುಳುಗಿ ಬೇಸಗೆಯಲ್ಲಿ ತೆರೆದುಕೊಳ್ಳುವ ಆ ಕಮಾನುಗಳನ್ನು ಪ್ರವಾಸೀ ಬರಹಗಳು 'ತೇಲುವ ಚರ್ಚು' ಎನ್ನುತ್ತವೆ. ಅದು ತೇಲುವುದಿಲ್ಲ, ನಿಂತಲ್ಲೇ ನಿಂತು ಸವೆಯುತ್ತಿದೆ. ಮುಳುಗಡೆಯ ಅನುಭವಕ್ಕೆ ಕನ್ನಡದಲ್ಲಿ ಗಟ್ಟಿಯಾದ ರೂಪ ಕೊಟ್ಟವರು 2025ರ ಜನವರಿಯಲ್ಲಿ ತೀರಿಕೊಂಡ ನಾ. ಡಿಸೋಜ. ಅವರ 'ದ್ವೀಪ' ಶರಾವತಿಯ ಕಡೆಯದು. ಅದರ ಮುಖ್ಯ ಪಾತ್ರಗಳು ಕ್ರೈಸ್ತರಲ್ಲ ಎಂಬುದು ಲೇಖಕರ ಹಿರಿತನವೇ. ಆದರೆ ಹೇಮಾವತಿಯ ಹಿನ್ನೀರಿಗೆ ಅಂಥ ಕೃತಿ ಬರಲಿಲ್ಲ.

ಪ್ರವಚನಗಳಿಗೆ ಇಲ್ಲಿ ಒಂದು ಸುಲಭದ ದೃಷ್ಟಾಂತ ಕಾದು ಕೂತಿದೆ: ಬಂಡೆಯ ಮೇಲೆ ಕಟ್ಟಿದ ಮನೆ ಪ್ರವಾಹಕ್ಕೆ ಬೀಳಲಿಲ್ಲವೆಂಬ, ಮತ್ತಾಯನ 7ನೆಯ ಅಧ್ಯಾಯದ ಸಾಮತಿ. ಮನೆಗಳು ಹೋಗಿ ದೇವಾಲಯ ನಿಂತಿತಲ್ಲ ಎಂದು ಅದನ್ನು ಅನ್ವಯಿಸಿದರೆ, ಮನೆ ಕಳೆದುಕೊಂಡವರು ಮರಳಿನ ಮೇಲೆ ಕಟ್ಟಿದ ಮೂಢರೆಂದು ಹೇಳಿದಂತಾಗುತ್ತದೆ. ಆ ಪ್ರವಾಹ ಆಕಾಶದಿಂದ ಬಂದದ್ದಲ್ಲ. ಯೋಜನೆಯಾಗಿ ಬಂದದ್ದು, ಕೆಳಗಿನ ಸೀಮೆಯ ಹೊಲಗಳಿಗೆ ನೀರುಣಿಸುವ ನ್ಯಾಯದ ಹೆಸರಿನಲ್ಲಿ ಬಂದದ್ದು. ಅದಕ್ಕೆ ಹೊಂದುವ ಕಥೆ ಬೈಬಲಿನಲ್ಲಿಯೇ ಬೇರೊಂದು ಕಡೆ ಇದೆ. ಅರಸುಗಳ ಮೊದಲನೆಯ ಭಾಗದ 21ನೆಯ ಅಧ್ಯಾಯದಲ್ಲಿ ಅಹಾಬ ರಾಜನು ನಾಬೋತನ ದ್ರಾಕ್ಷಿತೋಟವನ್ನು ಕೇಳುತ್ತಾನೆ. ಬದಲಿಗೆ ಅದಕ್ಕಿಂತ ಒಳ್ಳೆಯ ತೋಟ, ಬೇಡವಾದರೆ ಹಣ ಕೊಡುತ್ತೇನೆನ್ನುತ್ತಾನೆ. ಲೆಕ್ಕದಲ್ಲಿ ಆ ಮಾತಿಗೆ ಯಾವ ಕೊರತೆಯೂ ಇಲ್ಲ. ಮುಯ್ಯಿಗೆ ಮುಯ್ಯಿ, ನ್ಯಾಯವಾದ ಪರಿಹಾರ. ನಾಬೋತ ಹಿರಿಯರಿಂದ ಬಂದ ಪಾಲನ್ನು ಕೊಡಲಾರೆನೆಂದು ನಿರಾಕರಿಸುತ್ತಾನೆ. ಯಾವ ಬದಲಿಗೂ ಸಿಗದ ನೆಲವೊಂದಿದೆ ಎಂಬ ಈ ಮಾತು ಬೇಸಾಯದ ಯಾವ ಕುಟುಂಬಕ್ಕೂ ವಿವರಣೆಯಿಲ್ಲದೆ ತಿಳಿಯುವಂಥದ್ದು. ಅಲ್ಲಿ ಕರುವಿಗೆ ಕುರಿಮರಿಯನ್ನು ಇಟ್ಟಂತೆ ತಿದ್ದಬೇಕಾದದ್ದೂ ಏನೂ ಇಲ್ಲ. ತೋಟ, ಹಿರಿಯರ ಪಾಲು, ಅರಮನೆಯ ಬೇಡಿಕೆ, ಸುಳ್ಳು ಸಾಕ್ಷಿ ಎಲ್ಲವೂ ಈ ನೆಲದ ಸಾಮಗ್ರಿಯೇ. ಬಿತ್ತುವವನ ಕಥೆ ಭಾನುವಾರದ ಪಾಠಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ, ನಾಬೋತನದು ಅಪರೂಪ. ಹೇಮಾವತಿಯ ಹಿನ್ನೀರಿನಿಂದ ಎದ್ದುಬಂದ ಕುಟುಂಬಗಳ ಹಿರಿಯರು ಇನ್ನೂ ಇದ್ದಾರೆ. ತಮ್ಮ ಹೊಲವನ್ನು ಕುರಿತು ಅವರು ಯಾವ ಸಾಮತಿಯನ್ನು ಹೇಳುತ್ತಾರೆ, ಅದರಲ್ಲಿ ನಾಬೋತನಿದ್ದಾನೆಯೇ, ಅವನಿಗೆ ಯಾವ ಹೆಸರಿದೆ ಎಂಬುದನ್ನು ಬರೆದುಕೊಳ್ಳುವ ಕೆಲಸಕ್ಕೆ ಉಳಿದಿರುವ ಕಾಲ ಹೆಚ್ಚಿಲ್ಲ.